ಎಡಗಣ್ಣಿನ ಅಭಿಮಾನಿ

ಒಂದು ಊರು; ಆ ಊರಿನಲ್ಲೊಂದು ಬೀದಿ; ಬೀದಿಯ ತಿರುವಿನಲ್ಲೊಂದು ಕುರ್ಚಿ ರಿಪೇರಿಯ ಅಂಗಡಿ; ಅಂಗಡಿಯೊಳಗೊಬ್ಬ ಮನುಷ್ಯ; ಆ ಮನುಷ್ಯನಿಗೆ, ಎಲ್ಲರಿಗೂ ಇರುವಂತೆ, ಎರಡು ಕಣ್ಣು. ಈ ಕಥೆ ಎಡಗಣ್ಣಿಗೆ ಸಂಬಂಧಿಸಿದ್ದು. ಬಲಗಣ್ಣಿನ ಮೇಲೆ ಯಾರೂ ಯಾವ ಆರೋಪವನ್ನೂ ಹೊರಿಸಿಲ್ಲ.

ಬೀದಿಯಲ್ಲಿ ಇದನ್ನು ಹೇಳುವವರು ಮುಖ್ಯವಾಗಿ ಮೂವರು. ಇಸ್ತ್ರಿ ಅಂಗಡಿಯವನ ಪಾಠ ಉದ್ದ, ಮೇಲ್ಮನೆಯ ನಿವೃತ್ತ ಹೆಡ್‌ಮಾಸ್ಟರರದು ಖಚಿತ, ಹೊಲಿಗೆಯಕ್ಕನದು ಕಠೋರ. ಮೂರೂ ಒಪ್ಪುವ ಕಡೆ ಇದ್ದಂತೆಯೇ ಬರೆದಿದೆ. ಒಪ್ಪದ ಕಡೆ ಆಯಾ ಜಾಗದಲ್ಲೇ ಸೂಚಿಸಲಾಗಿದೆ.

ಆ ಮನುಷ್ಯನನ್ನು ಎಲ್ಲರೂ ಕುರ್ಚಿಯಣ್ಣ ಎನ್ನುತ್ತಿದ್ದರು. ಹುಟ್ಟಿದಂದಿನಿಂದ ಅವನ ಎಡಗಣ್ಣಿನ ನೀರು ಇಳಿದುಹೋಗುವ ನಾಳ ಕಟ್ಟಿಕೊಂಡಿತ್ತು. ಒಳಗೆ ಇಳಿಯಲಾರದ ನೀರು ಹೊರಗೆ ಇಳಿಯುತ್ತಿತ್ತು. ಗಾಳಿ ಬೀಸಿದರೆ ಕಣ್ಣೀರು, ಫ್ಯಾನು ತಿರುಗಿದರೆ ಕಣ್ಣೀರು, ಪತ್ರಿಕೆಯಲ್ಲಿ ಟೆಂಡರ್ ಪ್ರಕಟಣೆ ಓದಿದರೂ ಕಣ್ಣೀರು. ಮುರಿದ ಕುರ್ಚಿ ತಂದ ಗಿರಾಕಿಗಳು, ಅದನ್ನು ತಿರುಗಿಸಿ ನೋಡುತ್ತ ಕಣ್ಣೀರಿಡುವ ಕೆಲಸಗಾರನನ್ನು ಕಂಡು, ಇನ್ನು ಆಸೆಯಿಲ್ಲವೆಂದು ತಿಳಿದು ಕುರ್ಚಿಯನ್ನು ಅಲ್ಲೇ ಬಿಟ್ಟುಹೋದ ನಿದರ್ಶನಗಳಿವೆ.

ಇದನ್ನು ರೋಗವೆಂದು ಅವನು ಯಾರಿಗೂ ಹೇಳಿರಲಿಲ್ಲ. ಕಾರಣವುಂಟು. ಮದುವೆಯ ದಿನ ಫೋಟೋದವನ ದೀಪ ಮುಖಕ್ಕೆ ಹೊಡೆದು ಕಣ್ಣು ಧಾರಾಕಾರವಾಗಿ ಹರಿದಾಗ, ಹೆಣ್ಣಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಎಷ್ಟು ಮೃದು ಮನಸ್ಸು ನೋಡ್ರೀ ಹುಡುಗಂದು" ಎಂದಿದ್ದರು. ಮದುಮಗಳು ತಲೆ ಎತ್ತಿ ಅವನನ್ನು ಮೊದಲ ಬಾರಿಗೆ ನೆಟ್ಟಗೆ ನೋಡಿದ್ದಳು. ಆ ನೋಟವನ್ನು ಕಳೆದುಕೊಳ್ಳುವ ಧೈರ್ಯ ಯಾವ ಗಂಡಸಿಗಿದೆ? ಕುರ್ಚಿಯಣ್ಣ ಸುಮ್ಮನಾದ. ಅಂದು ಸುಮ್ಮನಾದವನು ಮುಂದೆ ಬಹಳ ಕಾಲ ಬಾಯಿ ಬಿಡಲಿಲ್ಲ.

ಸತ್ಯ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ: ಅವರ ಜೊತೆಯಲ್ಲೇ ಇದ್ದ ಅತ್ತೆಗೆ, ಎಂದರೆ ಹೆಂಡತಿಯ ತಾಯಿಗೆ. ಅತ್ತೆಯೂ ಅಳಿಯನೂ ಸಂಜೆ ಟಿವಿ ಮುಂದೆ ಅಕ್ಕಪಕ್ಕ ಕೂರುವವರು. ಹವಾಮಾನ ವರದಿಯ ಹೊತ್ತಿಗೆ, ವಾಯುಭಾರ ಕುಸಿತವೆಂದು ಟಿವಿಯವಳು ಹೇಳುತ್ತಿದ್ದಂತೆಯೇ ಅಳಿಯನ ಕೆನ್ನೆ ಒದ್ದೆಯಾಗುವುದನ್ನು ಮುದುಕಿ ಕೆಲವು ಸಂಜೆ ಗಮನಿಸಿ, ಒಂದು ದಿನ ಟವೆಲು ಚಾಚಿ, "ಒರೆಸ್ಕೊಳ್ಳಿ ಅಳಿಯಂದಿರೇ, ನಲ್ಲಿ ಬಿಟ್ಟಿದೆ" ಎಂದರು. ಅವನು ಗಾಬರಿಯಿಂದ ಅಡುಗೆಮನೆಯತ್ತ ನೋಡಿದ. "ಅವಳಿಗೆ ಹೇಳಲ್ಲ ಬಿಡಿ. ಅಳೋ ಗಂಡ ಅಂತ ನಾಲ್ಕು ಜನರ ಮುಂದೆ ಹೇಳ್ಕೊಂಡು ಓಡಾಡ್ತಾಳೆ ಪಾಪ" ಎಂದು ಮುದುಕಿ ಮತ್ತೆ ವಾಯುಭಾರ ಕುಸಿತದ ಕಡೆ ತಿರುಗಿದರು.

ಹೀಗೆ ಎಲ್ಲವೂ ನೆಟ್ಟಗೆ ನಡೆದಿರಲಾಗಿ, ಟಿವಿಯವರು 'ಮತ್ತೆ ಮೈಕಿನ ಮುಂದೆ' ಎಂಬ ಸ್ಪರ್ಧೆಯನ್ನು ಆರಂಭಿಸಿದರು. ಒಂದು ಕಾಲದಲ್ಲಿ ಪಾಪ್ ಹಾಡು ಹಾಡಿ ಹೆಸರು ಮಾಡಿ, ಆಮೇಲೆ ಜನ ಮರೆತುಬಿಟ್ಟಿದ್ದ ಗಾಯಕರನ್ನೆಲ್ಲ ಹುಡುಕಿ ತಂದು, ಹಳೆಯ ಬಟ್ಟೆಗಳಲ್ಲೇ ತುರುಕಿ, ವಾರಕ್ಕೊಬ್ಬರನ್ನು ಮನೆಗೆ ಕಳಿಸುವ ಕಾರ್ಯಕ್ರಮ. ಚರ್ಮದ ಜಾಕೆಟ್ಟಿನ ಒಬ್ಬನಿದ್ದ. ಜಾಕೆಟ್ಟಿನ ಜಿಪ್ಪಿನ ಎರಡು ಬದಿಗಳು ಪರಸ್ಪರ ಮುಖ ನೋಡದೆ ಬಹಳ ಕಾಲವಾಗಿತ್ತು. ಅವಳಿ ಸೋದರರಿದ್ದರು, ಅವರೂ ಹಾಗೆಯೇ. ಮತ್ತೆ ಬೆಳ್ಳಿಬಣ್ಣದ ಬೂಟು ಹಾಕಿ ಹಾಡುತ್ತಿದ್ದ ಒಬ್ಬಾಕೆ. ಅವಳನ್ನು ಊರು ಬೆಳ್ಳಿಬೂಟು ಎಂದೇ ಕರೆಯುತ್ತಿತ್ತು. ನಾವೂ ಹಾಗೆಯೇ ಕರೆಯೋಣ.

ಸ್ಟುಡಿಯೋದಲ್ಲಿ ಪ್ರೇಕ್ಷಕರ ಕುರ್ಚಿಗಳು ಹಳೆಯವು, ಸಾಲಿಗೆ ಸಾಲೇ ಒಂದು ಕಬ್ಬಿಣದ ಪಟ್ಟಿಗೆ ಬಿಗಿದವು. ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿ ಕಿರುಗುಟ್ಟುತ್ತಿದೆಯೆಂದು ಸೌಂಡಿನವನು ದೂರಿತ್ತ. ಕುರ್ಚಿಯಣ್ಣನಿಗೆ ಕರೆ ಬಂತು. ಅವನು ಹೋಗಿ ಕೀಲು ಬಿಚ್ಚಿ, ಬೆಣೆ ಹೊಡೆದು, ಗೋಂದು ಹಾಕಿ, "ನಾಳೆವರೆಗೆ ಯಾರೂ ಕೂರ್ಬಾರದು" ಎಂದ.

"ನಾಳೆನಾ? ಇನ್ನು ಸ್ವಲ್ಪ ಹೊತ್ತಿಗೆ ಶೂಟಿಂಗ್ ಸಾರ್!" ಎಂದ ನಿರ್ದೇಶಕ. ನೋಡಲು ಎಳೆಯ, ದನಿ ಮಾತ್ರ ಯಜಮಾನನದು. "ನಡುವೆ ಒಂದು ಕುರ್ಚಿ ಖಾಲಿ ಬಿಟ್ರೆ ಹಲ್ಲು ಬಿದ್ದ ಬಾಯಿ ಥರ ಕಾಣತ್ತೆ."

"ಯಾರಾದ್ರೂ ಕೂತ್ರೆ ಬೆಣೆ ಕಳಚ್ಕೊಳ್ಳತ್ತೆ. ಭಾರ ಎಲ್ಲಾ ಎಡತೊಡೆ ಮೇಲೆ ಬಿಟ್ಟು, ಬಲಹಿಮ್ಮಡಿ ಎತ್ತಿ ಹಿಡ್ಕೊಂಡು, ಅಲ್ಲಾಡದೆ ಕೂತ್ರೆ ಮಾತ್ರ ನಿಲ್ಲತ್ತೆ. ಅದು ಎಲ್ಲರಿಗೂ ಆಗೋ ಕೆಲಸ ಅಲ್ಲ."

"ನಿಮಗೆ ಆಗತ್ತಾ?"

ಕುಶಲಕರ್ಮಿಯನ್ನು ಕೇಳಬಾರದ ಪ್ರಶ್ನೆ ಅದು. "ನನಗೆ ಆಗ್ದೆ ಏನು?" ಎಂದ ಕುರ್ಚಿಯಣ್ಣ. ಎಂದವನನ್ನು ಹಿಡಿದು ಕೂರಿಸಿದರು.

ಅವನು ಕೂತ ಭಂಗಿಯನ್ನು ಇಸ್ತ್ರಿ ಅಂಗಡಿಯವನು ಇಂದಿಗೂ ಅಭಿನಯಿಸಿ ತೋರಿಸುತ್ತಾನೆ. ಎಡಕ್ಕೆ ವಾಲಿದ ಮೈ, ಬಿಗಿಹಿಡಿದ ಉಸಿರು, ರೆಪ್ಪೆ ಬಡಿದರೂ ಕೀಲು ಅಲುಗೀತೆಂಬ ಭಯದಿಂದ ಅರಳಿ ನಿಂತ ಕಣ್ಣು. ನೆತ್ತಿಯ ಮೇಲಿನ ಏಸಿ ತಣ್ಣನೆಯ ಗಾಳಿಯನ್ನು ಸೀದಾ ಆ ಕಣ್ಣಿಗೆ ಊದುತ್ತಿತ್ತು. ಎದುರಿಗೆ ಬೆಳ್ಳಿಬೂಟು ತನ್ನ ಹಳೆಯ ಹಾಡನ್ನು ಹಾಡುತ್ತಿದ್ದಳು. ಕುರ್ಚಿಯಣ್ಣನಿಗೆ ಅದರ ಒಂದಕ್ಷರವೂ ಕೇಳಿಸಲಿಲ್ಲ. ಅವನ ಕಿವಿಯೆಲ್ಲ ಕೀಲಿನ ಮೇಲಿತ್ತು. ಎಡಗಣ್ಣು ತುಂಬಿತು, ತುಳುಕಿತು, ಕೆನ್ನೆಯ ಮೇಲೆ ಹರಿದು ಗದ್ದದ ತುದಿಯಲ್ಲಿ ತೊಟ್ಟಾಗಿ ನಿಂತಿತು. ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ. ಕ್ಯಾಮೆರಾದವನು ಅದನ್ನು ಕಂಡ. ಕಂಡವನು ಹಾಡು ಮುಗಿಯುವವರೆಗೆ ಬೇರೇನನ್ನೂ ತೋರಿಸಲಿಲ್ಲ.

ತೀರ್ಪುಗಾರರಲ್ಲಿ ಒಬ್ಬರು ಎದ್ದು ನಿಂತು, "ಈ ಮನುಷ್ಯನ ಕಣ್ಣೀರಿಗಿಂತ ದೊಡ್ಡ ತೀರ್ಪು ನಾನು ಕೊಡಲಾರೆ" ಎಂದು ಪೂರ್ತಿ ಅಂಕ ಕೊಟ್ಟರು. ಬೆಣೆಗೆ ಬಂದ ಪ್ರಶಂಸೆಯೆಂದೇ ತಿಳಿದು ಕುರ್ಚಿಯಣ್ಣ, ತಲೆಯನ್ನು ಮಾತ್ರ, ತುಸುವೇ ಬಾಗಿಸಿದ.

ಭಾನುವಾರ ಅದು ಟಿವಿಯಲ್ಲಿ ಬಂತು. ತಮ್ಮವನೊಬ್ಬ ಟಿವಿಯಲ್ಲಿ ಬರುವನೆಂಬ ಸುದ್ದಿ ಹಬ್ಬಿ ಬೀದಿಯ ಅರ್ಧ ಅವನ ಹಜಾರದಲ್ಲಿತ್ತು. ಮೊದಲು ಮೆಚ್ಚುಗೆ, ಆಮೇಲೆ ಮೌನ, ಆಮೇಲೆ ಗುಸುಗುಸು.

"ಇದು ಸುಮ್ಮನೆ ಬಂದ ಅಳುವಲ್ಲ" ಎಂದರು ಹೆಡ್‌ಮಾಸ್ಟರರು. "ಬಹಳ ಹಳೇದು."

"ಹಳೇದೇ" ಎಂದಳು ಹೊಲಿಗೆಯಕ್ಕ, ಹೆಂಡತಿಯ ಕಡೆ ಓರೆಗಣ್ಣು ಹಾಕಿ. "ಹೊಸಬರಿಗೆ ಇಷ್ಟು ಬರಲ್ಲ."

"ಕುರ್ಚಿಯಣ್ಣ ಒಳಗೊಳಗೇ ಇಷ್ಟು ಇಟ್ಕೊಂಡಿದ್ದ ಅಂತ ಯಾರಿಗೆ ಗೊತ್ತಿತ್ತು!" ಎಂದು ಇಸ್ತ್ರಿ ಅಂಗಡಿಯವನು ತನ್ನ ಕಣ್ಣನ್ನೂ ಒರೆಸಿಕೊಂಡ.

ಎಲ್ಲರೂ ಹೋದ ಮೇಲೆ ಹೆಂಡತಿ ಟಿವಿ ಆರಿಸಿದಳು.

"ಯಾರು ಅವಳು?"

"ಯಾರು?"

"ಬೆಳ್ಳಿ ಬೂಟಿನೋಳು."

"ನನಗೇನು ಗೊತ್ತು? ಯಾರೋ ಹಾಡೋಳು."

"ಯಾರೋ ಹಾಡೋಳಿಗೆ ಅಷ್ಟು ಅಳು ಬಂತಾ?"

"ಅಳು ಅಲ್ಲ ಕಣೆ ಅದು. ನೀರು. ನಾಳ ಕಟ್ಕೊಂಡಿದೆ. ಅದೊಂದು ರೋಗ, ಹುಟ್ಟಿದಾಗಿಂದ ಇದೆ."

ಹೇಳಬಾರದ ಮಾತನ್ನು, ಹೇಳಬಾರದ ಹೊತ್ತಿನಲ್ಲಿ, ಹೇಳಬಾರದವಳಿಗೆ ಹೇಳುವುದರಲ್ಲಿ ಕುರ್ಚಿಯಣ್ಣನನ್ನು ಮೀರಿಸಿದವರಿಲ್ಲ. ಹೆಂಡತಿ ನಿಧಾನವಾಗಿ ಕೂತಳು.

"ಹುಟ್ಟಿದಾಗಿಂದ? ಹಾಗಾದ್ರೆ ನಮ್ಮ ಮದುವೇಲಿ ಅತ್ತಿದ್ದು?"

ಕುರ್ಚಿಯಣ್ಣ ಟವೆಲಿನಿಂದ ಕೆನ್ನೆ ಒರೆಸಿಕೊಂಡ.

"ನನಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಮಂಚದ ಪಕ್ಕ ಕೂತು ಅತ್ರಲ್ಲ? ನರ್ಸುಗಳೆಲ್ಲ ಬಂದು ನೋಡಿ, ಇಂಥ ಗಂಡ ಸಿಗ್ಬೇಕು ಅಂದ್ರಲ್ಲ? ಅದು?"

"ಅಲ್ಲಿ ಫ್ಯಾನು ಸ್ವಲ್ಪ ಜೋರಾಗಿತ್ತು" ಎಂದುಬಿಟ್ಟ.

ಹೆಂಡತಿ ಅಳಲಿಲ್ಲ, ಆ ಮನೆಯಲ್ಲಿ ಆ ಕೆಲಸ ಯಾವಾಗಲೂ ಅವನದೇ. ಅವಳು ಎದ್ದು ಮದುವೆಯ ಆಲ್ಬಮ್ ತಂದು ದೀಪದ ಕೆಳಗೆ ಬಿಚ್ಚಿದಳು. ಕುರ್ಚಿಯಣ್ಣ ತೀರ್ಮಾನ ಬದಲಿಸಿ, "ಇಲ್ಲ ಇಲ್ಲ, ನಿನಗೆ ಅತ್ತಿದ್ದು ನಿಜವಾದ ಅಳು, ಅವಳಿಗೆ ಬಂದದ್ದು ರೋಗ" ಎಂದ.

"ಎರಡೂ ಎಡಗಣ್ಣಲ್ಲೇ?"

"ಹೂಂ."

"ಬಲಗಣ್ಣಿಗೆ ನನ್ನ ಮೇಲೇನು ಕೋಪ?"

ಆಲ್ಬಮ್ಮಿನ ಪುಟಪುಟದಲ್ಲೂ ಅವನ ಎಡಗೆನ್ನೆ ಮಿನುಗುತ್ತಿತ್ತು, ಬಲಗೆನ್ನೆ ಒಣಗಿತ್ತು. ಆರೋಪಿಯ ಸ್ಥಿತಿಯನ್ನು ಓದುಗರು ಗಮನಿಸಬೇಕು. ರೋಗವೆಂದರೆ ಹೆಂಡತಿಗಾಗಿ ಅವನು ಒಂದು ದಿನವೂ ಅತ್ತಿಲ್ಲ. ರೋಗವಲ್ಲವೆಂದರೆ ಪರಸ್ತ್ರೀಗಾಗಿ ಊರೆಲ್ಲ ನೋಡುವಂತೆ ಅತ್ತಿದ್ದಾನೆ. ಮೂರನೆಯ ದಾರಿಯನ್ನು ನ್ಯಾಯಶಾಸ್ತ್ರ ಇನ್ನೂ ಕಂಡುಹಿಡಿದಿಲ್ಲ.

ಒಳಗಿನಿಂದ ಅತ್ತೆ ಕೂಗಿದರು: "ಅದು ರೋಗವೇ ಕಣೆ! ಹವಾಮಾನ ವರದಿಗೂ ಹೀಗೇ ಅಳ್ತಾರೆ!"

"ಅಮ್ಮಾ, ನೀನು ಸುಮ್ಮನಿರು. ನಿನಗೆ ಅಳಿಯ ಅಂದ್ರೆ ದೇವರು."

ಮರುದಿನ ಬೆಳಿಗ್ಗೆ ನಿರ್ದೇಶಕ ಅಂಗಡಿಗೇ ಬಂದ. ಪ್ರತಿ ವಾರವೂ ಅದೇ ಕುರ್ಚಿಯಲ್ಲಿ ಕೂರಬೇಕೆಂದ.

"ನೋಡಿ, ಅದು ಕಣ್ಣಿನ ರೋಗ" ಎಂದ ಕುರ್ಚಿಯಣ್ಣ.

"ರೋಗ ಅನ್ಬೇಡಿ ಸಾರ್, ಅಭಿಮಾನ ಅನ್ನಿ."

"ನಾನು ಆ ಹಾಡು ಕೇಳೇ ಇಲ್ಲ!"

"ಅದ್ಭುತ! ಕೇಳದೇನೇ ಇಷ್ಟು! ಇದನ್ನ ಟಿವಿಲಿ ಹೇಳ್ಬೇಕು ಸಾರ್ ನೀವು" ಎಂದು ಅವನ ಕೈಹಿಡಿದು ಕುಲುಕಿ, ತಗ್ಗಿದ ದನಿಯಲ್ಲಿ ಸೇರಿಸಿದ: "ನೀವು ಬರ್ಲಿಲ್ಲ ಅಂದ್ರೆ ಮುಂದಿನ ವಾರ ಆ ಯಮ್ಮ ಮನೆಗೆ ಹೋಗ್ತಾಳೆ. ಅವಳ ಹಾಡಿಗೆ ಯಾರೂ ಓಟು ಹಾಕ್ತಿಲ್ಲ. ಎಲ್ಲಾ ನಿಮ್ಮ ಕಣ್ಣಿಗೇ."

ಆಗುವುದಿಲ್ಲ ಎನ್ನುವ ಮಾತು ಕುರ್ಚಿಯಣ್ಣನ ನಾಲಗೆಯ ತುದಿಯವರೆಗೆ ಬಂದದ್ದು ನಿಜ. ಅಲ್ಲಿಂದ ಮುಂದೆ ಅದು ಎಂದೂ ಬಂದದ್ದಿಲ್ಲ. ಅವನು ಎರಡನೆಯ ವಾರವೂ ಹೋದ. ಗೋಂದು ಒಣಗಿ ಕುರ್ಚಿ ಕಲ್ಲಿನಂತಾಗಿತ್ತು. ಆದರೆ ಏಸಿ ಅದೇ, ಕಣ್ಣೂ ಅದೇ, ಕೀಲಿನ ಮೇಲಿನ ಕಿವಿಯೂ ಅದೇ.

ಹಾಡಿನ ನಂತರ ಸ್ಟುಡಿಯೋದ ಹಿಂದಿನ ಓಣಿಯಲ್ಲಿ ಬೆಳ್ಳಿಬೂಟು ಅವನಿಗಾಗಿ ಕಾದಿದ್ದಳು. ಬೂಟು ಕಾಲಲ್ಲಿರಲಿಲ್ಲ, ಕೈಯಲ್ಲಿತ್ತು. ಪಾದಗಳು ಊದಿ ಕೆಂಪಾಗಿದ್ದವು.

"ನಾನೀಗ ಒಂದು ಡ್ರೈವಿಂಗ್ ಸ್ಕೂಲಲ್ಲಿ ಫೋನ್ ಎತ್ತೋ ಕೆಲಸ ಮಾಡ್ತೀನಿ" ಎಂದಳು. "ಬೆಳಗಿಂದ ಸಂಜೆವರೆಗೆ ಇದೇ ದನೀಲಿ ಮಾತಾಡ್ತೀನಿ. ಇಷ್ಟು ವರ್ಷದಲ್ಲಿ ಒಬ್ರಿಗೂ ಗುರುತು ಹತ್ತಲಿಲ್ಲ. ಕ್ಲಚ್ ಯಾವ ಕಡೆ ಇರತ್ತೆ ಅಂತ ಕೇಳ್ತಾರೆ, ಇಟ್ಬಿಡ್ತಾರೆ. ನೀವು ಮಾತ್ರ ಮರೀಲಿಲ್ಲ."

"ಅದು... ನನ್ನ ಕಣ್ಣು..." ಎಂದ ಕುರ್ಚಿಯಣ್ಣ.

"ಗೊತ್ತು. ನಾನು ಈಗ ಬೇರೆಲ್ಲೂ ನೋಡಲ್ಲ. ನಿಮ್ಮ ಆ ಕಣ್ಣನ್ನೇ ನೋಡ್ಕೊಂಡು ಹಾಡ್ತೀನಿ. ಇಲ್ದಿದ್ರೆ ಮೇಲಿನ ಸ್ವರ ಹತ್ತೋದೇ ಇಲ್ಲ."

ಅವನು ತೆರೆದ ಬಾಯನ್ನು ಮುಚ್ಚಿ, ಮತ್ತೆ ತೆರೆದು, "ಚೆನ್ನಾಗಿ ಹಾಡ್ತೀರ" ಎಂದು ಹೇಳಿ ಬಂದುಬಿಟ್ಟ. ತಾನು ಕೇಳಿರದ ಹಾಡನ್ನು ಹೊಗಳಿದ ಅಪರಾಧಕ್ಕೆ ಅವನನ್ನು ದೂರಲು ಮೂವರಲ್ಲಿ ಯಾರೂ ಮುಂದಾಗುವುದಿಲ್ಲ, ಹೊಲಿಗೆಯಕ್ಕನೂ ಸಹ.

ವಾರದಿಂದ ವಾರಕ್ಕೆ ಎಡಗಣ್ಣಿನ ಕೀರ್ತಿ ಬೆಳೆಯಿತು. ಅಂಕ ಬರೆಯುವ ಮುನ್ನ ತೀರ್ಪುಗಾರರು ಕತ್ತು ಹೊರಳಿಸಿ ಮೊದಲು ಅವನ ಕೆನ್ನೆಯನ್ನು ನೋಡತೊಡಗಿದರು. ಚರ್ಮದ ಜಾಕೆಟ್ಟಿನ ಕಡೆಯವರು ಇಬ್ಬರು ಅಳುವವರನ್ನು ತಂದು ಕೂರಿಸಿದರು. ಅವರು ಎರಡೆರಡು ಕಣ್ಣಲ್ಲೂ ಗಟ್ಟಿಯಾಗಿ ಅತ್ತದ್ದರಿಂದ ನಕಲಿಯೆಂದು ಕೂಡಲೇ ಗೊತ್ತಾಯಿತು. "ನಿಜವಾದ ದುಃಖ ಒಂದೇ ಕಣ್ಣಲ್ಲಿ ಬರತ್ತೆ" ಎಂದು ಇಸ್ತ್ರಿ ಅಂಗಡಿಯವನು ಗಿರಾಕಿಗಳಿಗೆ ವಿವರಿಸುತ್ತಿದ್ದ.

ಹೆಂಡತಿ ಪೆಟ್ಟಿಗೆ ಕಟ್ಟಿ ತಮ್ಮನ ಮನೆಗೆ ಹೋದಳು. ಹೋಗುವಾಗ ತಾಯಿಯನ್ನೂ ಕರೆದಳು. ಮುದುಕಿ ಟಿವಿ ಮುಂದಿನಿಂದ ಏಳಲಿಲ್ಲ. "ಇವರೊಬ್ಬರೇ ಆಗ್ತಾರೆ. ಟವೆಲು ಯಾರು ಕೊಡ್ತಾರೆ? ನೀನು ಹೋಗು, ಕೋಪ ಇಳಿದ ಮೇಲೆ ಬಾ" ಎಂದರು.

ಕೋಪ ಇಳಿಯಲಿಲ್ಲ; ತಮ್ಮ ಬಂದ. ಅವನು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಅಧಿಕಾರಿ. ಟಿಕೆಟ್ಟಿಲ್ಲದವರ ಮುಖವನ್ನು ಮೆಟ್ಟಿಲಿನಿಂದಲೇ ಗುರುತಿಸುವವನು. ಬಾಗಿಲಲ್ಲೇ ನಿಂತು ಕೇಳಿದ:

"ಭಾವ, ಸೀದಾ ಹೇಳಿ. ಈ ಸಂಬಂಧ ಎಲ್ಲಿ ಹತ್ತಿದ್ದು?"

"ಯಾವ ಸಂಬಂಧವಪ್ಪ?"

"ಎಲ್ಲಾರೂ ಮೊದಲು ಹೀಗೇ ಅನ್ನೋದು. ಎಲ್ಲಿ ಹತ್ತಿದ್ರಿ, ಎಲ್ಲಿ ಇಳೀತೀರ?"

"ನನಗೆ ರೋಗ ಕಣಪ್ಪ! ನಾಳ ಕಟ್ಟಿದೆ!"

ತಪಾಸಣಾಧಿಕಾರಿ ಯೋಚಿಸಿದ. "ಸರಿ. ರೋಗ ಅಂತೀರಲ್ಲ, ವಾಸಿ ಮಾಡಿಸ್ಕೊಳ್ಳಿ. ವಾಸಿಯಾದ ಮೇಲೆ ಫೈನಲ್‌ಗೆ ಹೋಗಿ ಅದೇ ಕುರ್ಚೀಲಿ ಕೂತ್ಕೊಳ್ಳಿ. ಆಗಲೂ ನೀರು ಬಂತು ಅಂದ್ರೆ ಪ್ರೇಮ. ಬರ್ಲಿಲ್ಲ ಅಂದ್ರೆ ರೋಗ. ಅಕ್ಕ ಟಿವಿಲಿ ನೋಡ್ತಿರ್ತಾಳೆ."

ಆ ವಾದದಲ್ಲಿ ಹುಳುಕು ಹುಡುಕಲು ಹೆಡ್‌ಮಾಸ್ಟರರಿಗೂ ಸಾಧ್ಯವಾಗಿಲ್ಲ.

ಕಣ್ಣಿನ ಡಾಕ್ಟರು ದೀಪ ಹಾಕಿ ನೋಡಿ ನಕ್ಕರು. "ನಿಮ್ಮನ್ನ ಟಿವಿಲಿ ನೋಡಿದಾಗಲೇ ನಮ್ಮ ಮನೆಯವರಿಗೆ ಅಂದೆ, ಇದು ನಾಳದ ತೊಂದರೆ ಅಂತ. ಅವರು ಮೂರು ದಿನ ನನ್ನ ಹತ್ರ ಮಾತಾಡ್ಲಿಲ್ಲ" ಎಂದರು. ಕಟ್ಟಿದ ನಾಳದ ಪಕ್ಕದಲ್ಲಿ ಮೂಗಿನೊಳಕ್ಕೆ ಹೊಸ ದಾರಿ ಕೊರೆದರು. "ಎಲ್ಲರಿಗೂ ಕಣ್ಣೀರು ಒಂದಿಷ್ಟು ಮೂಗಿಗೇ ಇಳಿಯೋದು. ನಿಮಗೆ ದಾರಿ ಸ್ವಲ್ಪ ಅಗಲವಾಗಿಯೇ ಮಾಡಿದೀನಿ, ಮತ್ತೆ ಕಟ್ಕೋಬಾರದು ನೋಡಿ. ಇನ್ನು ಕೆನ್ನೆ ಒದ್ದೆ ಆಗಲ್ಲ" ಎಂದು ಬೆನ್ನು ತಟ್ಟಿ ಕಳಿಸಿದರು.

ನೇರಪ್ರಸಾರದ ಫೈನಲ್ಲಿನ ದಿನ ಬೆಳ್ಳಿಬೂಟು ಮತ್ತು ಚರ್ಮದ ಜಾಕೆಟ್ಟು ಇಬ್ಬರೇ ಉಳಿದಿದ್ದರು. ಕುರ್ಚಿಯಣ್ಣ ತನ್ನ ಜಾಗದಲ್ಲಿ ಕೂತ. ಏಸಿ ಊದಿತು. ಬೆಳ್ಳಿಬೂಟು ಹಾಡಲು ಆರಂಭಿಸಿ ಅವನ ಕಣ್ಣನ್ನು ಹುಡುಕಿದಳು. ಒಣಗಿತ್ತು. ಮೊದಲ ಚರಣ ಮುಗಿಯಿತು, ಒಣಗಿತ್ತು. ತೀರ್ಪುಗಾರರು ಪೆನ್ನು ಕೆಳಗಿಟ್ಟು ಕತ್ತು ಚಾಚಿದರು. ಕ್ಯಾಮೆರಾ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಟಿವಿಯ ತುಂಬ ಒಂದು ಎಡಗಣ್ಣು, ಸ್ವಚ್ಛ, ಆರೋಗ್ಯವಂತ, ನಿರ್ಲಿಪ್ತ. ನಿರ್ದೇಶಕ ಕ್ಯಾಮೆರಾದ ಹಿಂದಿನಿಂದ ತನ್ನ ಕಣ್ಣನ್ನೇ ತಿವಿದು ತೋರಿಸಿ ಬೇಡಿಕೊಂಡ. ಕುರ್ಚಿಯಣ್ಣ ಕಣ್ಣು ಅರಳಿಸಿದ, ಕಿರಿದು ಮಾಡಿದ, ಇಲ್ಲ. ಮೇಲಿನ ಸ್ವರಕ್ಕೆ ಏರಬೇಕಾದ ಕಡೆ ಬೆಳ್ಳಿಬೂಟಿನ ದನಿ ಮೆಟ್ಟಿಲು ತಪ್ಪಿದಂತೆ ಜಾರಿತು. ಅವಳು ನಿಂತಳು. ವಾದ್ಯಗಳು ಸ್ವಲ್ಪ ದೂರ ತಾವಾಗಿಯೇ ಹೋಗಿ ನಿಂತವು.

ಚರ್ಮದ ಜಾಕೆಟ್ಟು ಗೆದ್ದಿತು. ಓಣಿಯಲ್ಲಿ ಬೆಳ್ಳಿಬೂಟು ಅವನ ಎದುರು ಹಾದುಹೋದಳು. ಬೂಟು ಈ ಸಲ ಕಾಲಲ್ಲೇ ಇತ್ತು, ಬಿಚ್ಚಲು ನೆನಪಾಗಿರಲಿಲ್ಲ.

"ನಿಮಗೂ ಸಾಕಾಯ್ತು ಅಲ್ವಾ?" ಎಂದಳು. ಬೈಯುವ ದನಿಯಲ್ಲ, ಫೋನಿನಲ್ಲಿ ಯಾರಿಗೋ ಕ್ಲಚ್ಚಿನ ವಿಷಯ ಹೇಳುವ ದನಿ. ಉತ್ತರಕ್ಕೆ ಕಾಯದೆ ಹೋದಳು.

ಬೀದಿ ಅವನನ್ನು ಕ್ಷಮಿಸಲಿಲ್ಲ. "ಕೊನೇ ಗಳಿಗೇಲಿ ಕೈಕೊಟ್ಟ. ಜಾಕೆಟ್ಟಿನವನು ಏನೋ ಕೊಟ್ಟಿರ್ಬೇಕು" ಎಂದು ಇಸ್ತ್ರಿ ಅಂಗಡಿಯವನು ಅವನ ಅಂಗಿಯನ್ನು ಮಡಿಕೆ ತಪ್ಪಿಸಿ ಕೊಟ್ಟ. ಆದರೆ ಅದೇ ಸಂಜೆ ಹೆಂಡತಿ ಪೆಟ್ಟಿಗೆಯೊಡನೆ ಮರಳಿ ಬಂದಳು. ಹಜಾರದಲ್ಲಿ ಅವನನ್ನು ನಿಲ್ಲಿಸಿ, ಎಡಗಣ್ಣನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಸರಿ, ಅವಳಿಗೆ ಅತ್ತಿದ್ದು ರೋಗ. ಒಪ್ಕೊಂಡೆ" ಎಂದಳು. "ನನಗೆ ಅತ್ತಿದ್ದು ಏನು ಅಂತ ನನಗೆ ಗೊತ್ತಿಲ್ಲ. ನಿಮಗಾದ್ರೂ ಗೊತ್ತಾ? ಇರ್ಲಿ, ಈಗ ರೋಗ ಹೋಗಿದೆ. ಇನ್ಮೇಲೆ ಆ ಕಣ್ಣಲ್ಲಿ ಬರೋದು ಏನಿದ್ರೂ ನಿಜವಾದ್ದೇ. ನಾನು ಕಾಯ್ತೀನಿ."

ಕಾಯ್ತೀನಿ ಎಂದದ್ದು ಪ್ರೀತಿಯಿಂದಲೋ ಬೆದರಿಕೆಯಿಂದಲೋ ಎಂಬಲ್ಲಿ ಪಾಠಗಳು ಬೇರೆಬೇರೆ. ಕುರ್ಚಿಯಣ್ಣನಂತೂ ಎರಡೂ ಎಂದು ತಿಳಿದ. ಆ ಮೇಲೆ ಅವಳು ಈರುಳ್ಳಿ ಹೆಚ್ಚುವಾಗ ಅವನನ್ನು ಅಡುಗೆಮನೆಗೆ ಬಿಟ್ಟುಕೊಳ್ಳಲಿಲ್ಲ, ಸಾಕ್ಷ್ಯ ಕೆಡಬಾರದೆಂದು. ಅವನು ಅಳಲು ತಕ್ಕ ಕಾರಣಕ್ಕಾಗಿ ಹುಡುಕತೊಡಗಿದ. ಹಳೆಯ ಆಲ್ಬಮ್ ನೋಡಿದ, ಅವಳ ಹೊಟ್ಟೆಯ ಆಪರೇಷನ್ನಿನ ಗೆರೆಯನ್ನು ನೆನೆದ. ಮನಸ್ಸು ಕಲಕುತ್ತಿತ್ತು, ಕಣ್ಣು ಮಿಟುಕುತ್ತಿತ್ತು, ಅಷ್ಟೆ. ಅವಳು ಎದುರು ಕೂತು ನೋಡುತ್ತಿದ್ದಳು, ಒಲೆಯ ಮೇಲಿನ ನೀರು ಕುದಿಯಲೆಂದು ನೋಡುವಂತೆ.

"ನೋಡ್ತಾ ಕೂತ್ರೆ ಬರಲ್ಲ ಕಣೆ, ಬಿಡೇ ಅವರನ್ನ" ಎನ್ನುತ್ತಿದ್ದವರು ಅತ್ತೆಯೊಬ್ಬರೇ.

ಅತ್ತೆ ಒಂದು ಸಂಜೆ ಹವಾಮಾನ ವರದಿಯ ನಡುವೆ ಹೋಗಿಬಿಟ್ಟರು. ಅಳಿಯ ಪಕ್ಕದಲ್ಲೇ ಇದ್ದ. ನಾಳೆ ಮೋಡ ಕವಿದಿರುತ್ತದೆಯೆಂದು ಟಿವಿ ಹೇಳಿದಾಗ, "ಬಟ್ಟೆ ಒಣಗಲ್ಲ ಅತ್ತೆ" ಎಂದು ತಿರುಗಿ ನೋಡಿದ. ಮುದುಕಿಯ ತಲೆ ಅವನ ಹೆಗಲ ಕಡೆಗೆ ವಾಲಿತ್ತು.

ಮರುದಿನ ಹಜಾರದಲ್ಲಿ ದೇಹವನ್ನಿಟ್ಟಿದ್ದರು. ಬೀದಿಯೆಲ್ಲ ಬಂತು. ಹೆಂಡತಿ ತಾಯಿಯ ತಲೆಯ ಬಳಿ ಕೂತು ಅತ್ತಳು, ತಪಾಸಣಾಧಿಕಾರಿ ಟೋಪಿ ತೆಗೆದು ಅತ್ತ, ಹೊಲಿಗೆಯಕ್ಕ ಅತ್ತಳು, ಇಸ್ತ್ರಿ ಅಂಗಡಿಯವನು ಎಲ್ಲರಿಗಿಂತ ಹೆಚ್ಚಾಗಿ ಅತ್ತ. ನಾಡಿಗೇ ಅಳುವುದನ್ನು ಕಲಿಸಿದ ಎಡಗಣ್ಣಿನ ಮೇಲೆ ಒಬ್ಬೊಬ್ಬರಾಗಿ ಎಲ್ಲರ ನೋಟ ಬಿತ್ತು.

ಕುರ್ಚಿಯಣ್ಣನ ಎದೆಯಲ್ಲಿ ಏನೋ ಕಿತ್ತುಬಂದಿತ್ತು. ತನ್ನನ್ನು ಇದ್ದಂತೆಯೇ ತಿಳಿದಿದ್ದ ಒಂದೇ ಒಂದು ಜೀವ ಅಲ್ಲಿ ಮಲಗಿತ್ತು. ಅದು ಎದೆಯಿಂದ ಗಂಟಲಿಗೆ ಏರಿತು, ಗಂಟಲಿನಿಂದ ಕಣ್ಣಿಗೆ ಏರಿತು, ಮತ್ತು ಡಾಕ್ಟರು ಅಗಲವಾಗಿ ಮಾಡಿಕೊಟ್ಟಿದ್ದ ಹೊಸ ದಾರಿಯಲ್ಲಿ ಸರಾಗವಾಗಿ ಮೂಗಿಗೆ ಇಳಿಯಿತು. ಅವನು ಮೂಗನ್ನು ಸೊರಕ್ಕೆಂದು ಎಳೆದುಕೊಂಡ. ಮತ್ತೆ ಇಳಿಯಿತು. ಕರವಸ್ತ್ರ ತೆಗೆದು ಮೂಗು ಸೀಟಿದ. ಅಷ್ಟು ಅಳುವಿನ ನಡುವೆಯೂ ಆ ಸದ್ದು ಬಹಳ ದೊಡ್ಡದಾಗಿ ಕೇಳಿಸಿತು. ಬಲಗಣ್ಣಾದರೂ ನೆರವಿಗೆ ಬರಬಹುದಿತ್ತು, ಅದಕ್ಕೆ ಅಭ್ಯಾಸವಿರಲಿಲ್ಲ.

ಹೆಂಡತಿ ತಲೆ ಎತ್ತಿದಳು.

"ಆ ಬೂಟಿನೋಳಿಗೆ ವಾರವಾರ ಸುರಿಸಿದ್ರಿ" ಎಂದಳು. "ನಮ್ಮಮ್ಮನಿಗೆ ಒಂದು ಹನಿ ಇಲ್ವಾ?"

"ಅಳ್ತಾ ಇದೀನಿ ಕಣೆ."

"ಎಲ್ಲಿ?"

"ಇಲ್ಲಿ. ಮೂಗಲ್ಲಿ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಅದು ಯಾರೆಂಬುದನ್ನು ಮೂವರೂ ಹೇಳುವುದಿಲ್ಲ. ಆದ್ದರಿಂದ ಮೂವರಲ್ಲೊಬ್ಬರು ಇರಬೇಕು.

"ನಿಜವಾಗ್ಲೂ ಕಣೆ, ಡಾಕ್ಟರು ದಾರಿ ಆ ಕಡೆಗೆ..." ಎಂದು ಮುಂದುವರಿದವನ ಮೂಗು ಮಾತಿಗೆ ಮೊದಲೇ ಹರಿಯಿತು.

"ಭಾವ" ಎಂದ ತಪಾಸಣಾಧಿಕಾರಿ, ಅವನ ತೋಳು ಹಿಡಿದು ಮೆಲ್ಲಗೆ. "ನೆಗಡಿ ಇದ್ರೆ ಹೊರಗೆ ಕೂತ್ಕೊಳ್ಳಿ. ವಯಸ್ಸಾದೋರೆಲ್ಲ ಇದಾರೆ, ಹತ್ಕೊಂಡೀತು."

"ನೆಗಡಿ ಅಲ್ಲಪ್ಪ!"

"ಇರ್ಲಿ ಬನ್ನಿ."

ಅವನನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿದರು. ಒಳಗೆ ಏನೇನು ನಡೆಯಿತೋ ಅವನಿಗೆ ಕಾಣಲಿಲ್ಲ. ಹೆಡ್‌ಮಾಸ್ಟರರು ಬಂದು ತಲೆಗೆ ಮಫ್ಲರ್ ಸುತ್ತಿದರು. ಹೊಲಿಗೆಯಕ್ಕ ಬಿಸಿನೀರು ತಂದು ಆವಿ ತಗೋ ಎಂದಳು. ಇಸ್ತ್ರಿ ಅಂಗಡಿಯವನು ಹಳೆಯ ಸಿಟ್ಟು ಮರೆತು ಓಡಿಹೋಗಿ ನೆಗಡಿಯ ಮಾತ್ರೆ ತಂದ. ಎಲ್ಲರೂ ಅಷ್ಟು ಅಕ್ಕರೆಯಿಂದ ಕೊಡುತ್ತಿರುವಾಗ ಬೇಡವೆನ್ನಲು ಅವನಿಗೆ ಆಗಲಿಲ್ಲ. ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಅತ್ತೆಯನ್ನು ನೆನೆದು, ನುಂಗಿದ.

ಅತ್ತೆಯನ್ನು ಕೊಂಡೊಯ್ಯುವ ಮುನ್ನ ಹೆಂಡತಿ ಬಾಗಿಲಿಗೆ ಬಂದಳು. ಅವನ ಎಡಗಣ್ಣನ್ನು ನೋಡಲಿಲ್ಲ. ಇನ್ನು ನೋಡುವ ಅಗತ್ಯ ಅವಳಿಗಿರಲಿಲ್ಲ.

"ಮಾತ್ರೆ ತಗೊಂಡ್ರಾ?"

"ಹೂಂ."

"ಕಡಿಮೆ ಆಯ್ತಾ?"

"ಇಲ್ಲ."

"ಆಗತ್ತೆ ಬಿಡಿ" ಎಂದಳು, ನೆರೆಮನೆಯವರೊಡನೆ ಮಾತಾಡುವಷ್ಟು ಮೆಲ್ಲಗೆ, ಅಷ್ಟೇ ಮರ್ಯಾದೆಯಿಂದ. "ನೆಗಡಿ ತಾನೇ. ನಾಲ್ಕು ದಿನ ಇದ್ದು ಹೋಗತ್ತೆ."

ಅವರು ಅದೇ ಬೀದಿಯಲ್ಲಿ, ಅದೇ ಮನೆಯಲ್ಲಿ, ಇಬ್ಬರೂ ಇದ್ದಾರೆ. ನೆಗಡಿ ಇನ್ನೂ ಹೋಗಿಲ್ಲ.